300 ವೋಲ್ಟ್ ಗೊತ್ತಿದ್ದ ಮೇಲೆ ಅಯಾನಿನ ವೇಗ ಅಳೆಯೋದು ಯಾಕೆ?

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನಲ್ಲಿ ಮೂರನೇ ವರ್ಷದ ಏರೋಸ್ಪೇಸ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಉಪಗ್ರಹಗಳ ಹಾಲ್ ಥ್ರಸ್ಟರ್ (ಅಯಾನುಗಳನ್ನು ವಿದ್ಯುತ್ತಿನಿಂದ ಹೊರಗೆ ಚಿಮ್ಮಿಸಿ ಉಪಗ್ರಹವನ್ನು ತಳ್ಳುವ ಎಂಜಿನ್) ಬಗ್ಗೆ ಸೆಮಿನಾರ್ ಕೊಡಬೇಕು. ಆನೋಡ್‌ಗೆ 300 ವೋಲ್ಟ್ ಕೊಟ್ಟರೆ ಕ್ಸೆನಾನ್ ಅಯಾನಿನ ವೇಗ ಎಷ್ಟು ಅಂತ ಪಿಯುಸಿ ಸೂತ್ರದಲ್ಲೇ ಸಿಗುತ್ತದೆ. ಹಾಗಿದ್ದ ಮೇಲೆ ಲೇಸರ್, ಪ್ರೋಬ್ ಎಲ್ಲ ಇಟ್ಟುಕೊಂಡು ಅಷ್ಟು ಕಷ್ಟಪಟ್ಟು ಅಳೆಯೋದು ಯಾಕೆ? ಪ್ಲಾಸ್ಮಾ, ಅಂದರೆ ಅಯಾನು ಎಲೆಕ್ಟ್ರಾನ್ ಬೆರೆತ ಆ ಬಿಸಿ ಅನಿಲದ ಒಳಗೆ ಪ್ರೋಬ್ ಇಟ್ಟರೆ ಕರಗಿ ಹೋಗಲ್ವಾ? ನಮ್ಮ ಕಾಲೇಜಿನಲ್ಲಿ ಇದರಲ್ಲಿ ಏನಾದರೂ ಮಾಡೋಕೆ ಆಗುತ್ತಾ?

ಉತ್ತರ:

ಮೊದಲು ನಿಮ್ಮ ಸೂತ್ರವನ್ನೇ ಹಾಕಿ ನೋಡೋಣ. ಕ್ಸೆನಾನ್‌ನ ಪರಮಾಣು ತೂಕ ಸುಮಾರು 131. ಅದರಿಂದ ಒಂದು ಎಲೆಕ್ಟ್ರಾನ್ ಕಿತ್ತು 300 ವೋಲ್ಟ್ ಇಳಿಯಲು ಬಿಟ್ಟರೆ ಸೆಕೆಂಡಿಗೆ 21 ಕಿಲೋಮೀಟರ್ ವೇಗ ಬರುತ್ತದೆ. ಲೆಕ್ಕ ಸರಿ. ಈಗ ನಿಜವಾದ ಒಂದು ಥ್ರಸ್ಟರ್ ತಗೊಳ್ಳಿ. ರಷ್ಯಾದ ಎಸ್‌ಪಿಟಿ-100 ಅಂತ ಇದೆ, ಈ ಕ್ಷೇತ್ರದಲ್ಲಿ ಎಲ್ಲರೂ ಹೋಲಿಸಿ ನೋಡುವ ಹಳೆಯ ಮಾದರಿ. 300 ವೋಲ್ಟ್, 1350 ವ್ಯಾಟ್, 83 ಮಿಲಿನ್ಯೂಟನ್ ತಳ್ಳುಬಲ. ಅದರ ಸ್ಪೆಸಿಫಿಕ್ ಇಂಪಲ್ಸ್, ಅಂದರೆ ಇಂಧನದ ತೂಕಕ್ಕೆ ಎಷ್ಟು ತಳ್ಳುವಿಕೆ ಸಿಗುತ್ತದೆ ಅನ್ನುವ ಅಳತೆ, ಸುಮಾರು 1600 ಸೆಕೆಂಡ್. ಅದನ್ನು 9.8ರಿಂದ ಗುಣಿಸಿದರೆ ಅನಿಲ ಸರಾಸರಿ ಎಷ್ಟು ವೇಗದಲ್ಲಿ ಹೊರಗೆ ಹೋಗುತ್ತಿದೆ ಅಂತ ಸಿಗುತ್ತದೆ. ಎಷ್ಟು ಬಂತು? ಸೆಕೆಂಡಿಗೆ 15.7 ಕಿಲೋಮೀಟರ್.

ಸೂತ್ರ 21 ಅನ್ನುತ್ತದೆ, ಯಂತ್ರ 16ಕ್ಕೂ ಕಮ್ಮಿ ಕೊಡುತ್ತದೆ. ಮಧ್ಯದ ಐದು ಕಿಲೋಮೀಟರ್ ಎಲ್ಲಿ ಹೋಯಿತು? ಅಯಾನು ಅಳೆಯುವವರೆಲ್ಲ ಹುಡುಕುತ್ತಿರೋದು ಅದನ್ನೇ. ಅದು ಒಂದೇ ಕಡೆ ಕಳೆದುಹೋಗಿದ್ದರೆ ಒಂದೇ ಉಪಕರಣ ಸಾಕಾಗುತ್ತಿತ್ತು. ಆದರೆ ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಕಡೆ ಸೋರುತ್ತದೆ, ಒಂದೊಂದು ಸೋರಿಕೆಗೂ ಒಂದೊಂದು ಉಪಕರಣ ಬೇಕು. ಯಾವ ಉಪಕರಣಕ್ಕೂ ಎಲ್ಲ ಕಾಣಿಸೋದಿಲ್ಲ.

ಥ್ರಸ್ಟರ್ ಹೇಗೆ ಕೆಲಸ ಮಾಡುತ್ತದೆ ಅನ್ನೋದನ್ನು ಬೇಗ ಹೇಳಿ ಮುಗಿಸುತ್ತೇನೆ, ನಿಮಗೆ ಗೊತ್ತಿರುತ್ತದೆ. ಬಳೆಯಾಕಾರದ ಒಂದು ಚಾನೆಲ್, ಗೋಡೆ ಸಾಮಾನ್ಯವಾಗಿ ಬೋರಾನ್ ನೈಟ್ರೈಡ್‌ನದು. ಹಿಂದೆ ಆನೋಡ್, ಅಲ್ಲಿಂದಲೇ ಕ್ಸೆನಾನ್ ಒಳಗೆ ಬರುತ್ತದೆ. ಹೊರಗೆ ಕ್ಯಾಥೋಡ್, ಅದು ಎಲೆಕ್ಟ್ರಾನ್ ಕೊಡುತ್ತದೆ. ಚಾನೆಲ್‌ನ ಬಾಯಿಯ ಹತ್ತಿರ ಅಡ್ಡಲಾಗಿ ಒಂದಿನ್ನೂರು ಗಾಸ್ ಆಸುಪಾಸಿನ ಕಾಂತಕ್ಷೇತ್ರ ಇರುತ್ತದೆ. ಎಲೆಕ್ಟ್ರಾನ್ ಹಗುರ, ಆ ಕ್ಷೇತ್ರದಲ್ಲಿ ಸಿಕ್ಕಿಕೊಂಡು ಚಾನೆಲ್ ಸುತ್ತ ಗಿರಗಿರ ತಿರುಗುತ್ತಾ ಇರುತ್ತದೆ, ಒಳಗೆ ಬರುವ ಕ್ಸೆನಾನ್‌ಗೆ ಡಿಕ್ಕಿ ಹೊಡೆದು ಅಯಾನು ಮಾಡುತ್ತದೆ. ಅಯಾನು ಭಾರ, ಅದಕ್ಕೆ ಈ ಕಾಂತಕ್ಷೇತ್ರ ಲೆಕ್ಕಕ್ಕೇ ಇಲ್ಲ. ನೇರವಾಗಿ ಹೊರಗೆ ಚಿಮ್ಮುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಗ್ರಿಡ್ ಇರುವ ಅಯಾನು ಎಂಜಿನ್ ಬೇರೆ ಜಾತಿ, ನಾಸಾದ ಡಾನ್ ನೌಕೆಯಲ್ಲಿ ಇದ್ದದ್ದು ಅದು. ಅದರಲ್ಲಿ ಅಯಾನು ಹುಟ್ಟುವ ಕೋಣೆ ಬೇರೆ, ವೇಗ ಪಡೆಯುವ ಜಾಗ ಬೇರೆ. ಹಾಲ್ ಥ್ರಸ್ಟರ್‌ನಲ್ಲಿ ಹಾಗಿಲ್ಲ. ಹುಟ್ಟೋದು, ಓಡೋದು ಎರಡೂ ಒಂದರ ಮೇಲೊಂದು ಬಿದ್ದಿವೆ. 300 ವೋಲ್ಟ್‌ನ ಹೆಚ್ಚಿನ ಪಾಲು ಬಾಯಿಯ ಹತ್ತಿರದ ಸುಮಾರು ಒಂದು ಸೆಂಟಿಮೀಟರ್‌ನಲ್ಲೇ ಇಳಿಯುತ್ತದೆ, ಅದರಲ್ಲೂ ಸ್ವಲ್ಪ ಭಾಗ ಬಾಯಿಯಿಂದ ಆಚೆ. ನಂದಿ ಬೆಟ್ಟದ ರಸ್ತೆಯಲ್ಲಿ ಪೆಡಲ್ ತುಳಿಯದೆ ಸೈಕಲ್ ಬಿಟ್ಟರೆ ಕೆಳಗೆ ಬಂದಾಗಿನ ವೇಗ ಯಾವ ತಿರುವಿನಿಂದ ಬಿಟ್ಟಿರಿ ಅನ್ನೋದರ ಮೇಲೆ ನಿಂತಿದೆ, ಬೆಟ್ಟದ ಎತ್ತರ ಎಷ್ಟಿದ್ದರೇನು. ಅಯಾನಿನದೂ ಅದೇ ಕಥೆ. ಆನೋಡ್ ಹತ್ತಿರ ಹುಟ್ಟಿದ ಅಯಾನಿಗೆ ಹೆಚ್ಚುಕಮ್ಮಿ ಪೂರ್ತಿ ವೋಲ್ಟೇಜ್ ಸಿಗುತ್ತದೆ. ಅರ್ಧ ದಾರಿಯಲ್ಲಿ ಹುಟ್ಟಿದ್ದಕ್ಕೆ 150. ಬಾಯಿಯ ಆಚೆ ಹುಟ್ಟಿದ್ದಕ್ಕೆ ಇಪ್ಪತ್ತೋ ಮೂವತ್ತೋ. ಹಾಗಾಗಿ "ಅಯಾನಿನ ವೇಗ" ಅಂತ ಒಂದು ಸಂಖ್ಯೆ ಇಲ್ಲವೇ ಇಲ್ಲ. ಯಾವ ವೇಗದಲ್ಲಿ ಎಷ್ಟು ಅಯಾನುಗಳಿವೆ ಅನ್ನುವ ಒಂದು ಹರವು ಇರೋದು. ಸೆಮಿನಾರ್‌ನಲ್ಲಿ ಒಂದೇ ಸಂಖ್ಯೆ ಬರೆದು ಮುಂದೆ ಹೋಗಬೇಡಿ, ಪ್ರಶ್ನೆ ಕೇಳುವವರು ಅಲ್ಲೇ ಹಿಡಿಯುತ್ತಾರೆ.

ಸರಿ, ಎಲ್ಲಿ ಎಷ್ಟು ಹುಟ್ಟುತ್ತವೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಬಹುದಲ್ವಾ ಅಂತ ಕೇಳಬಹುದು. ಪೂರ್ತಿ ಆಗೋದಿಲ್ಲ. ಕಾರಣ ಅಯಾನು ಅಲ್ಲ, ಎಲೆಕ್ಟ್ರಾನ್. ಕಾಂತಕ್ಷೇತ್ರ ದಾಟಿ ಆನೋಡ್ ಕಡೆಗೆ ಎಷ್ಟು ಎಲೆಕ್ಟ್ರಾನ್ ನುಸುಳಬೇಕು ಅಂತ ಡಿಕ್ಕಿಗಳ ಲೆಕ್ಕದಿಂದ ಹೇಳಿದರೆ ಬರುವ ಉತ್ತರ ಒಂದು, ನಿಜವಾಗಿ ನುಸುಳುವುದು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಪ್ಲಾಸ್ಮಾದೊಳಗಿನ ಸಣ್ಣ ಸಣ್ಣ ಅಲೆಗಳು ಅವನ್ನು ತಳ್ಳುತ್ತವೆ ಅನ್ನುವ ಮಟ್ಟಿಗೆ ಒಪ್ಪಿಗೆ ಇದೆ. ಆದರೆ ಹೊಸ ಥ್ರಸ್ಟರ್‌ನ ಡ್ರಾಯಿಂಗ್ ಕೊಟ್ಟರೆ ಮೊದಲೇ ಕರಾರುವಾಕ್ಕಾಗಿ ಹೇಳುವ ಸಿದ್ಧಾಂತ ಇನ್ನೂ ಕೈಗೆ ಬಂದಿಲ್ಲ. ಹಾಗಾಗಿ ಎಷ್ಟೋ ಸಿಮ್ಯುಲೇಷನ್‌ಗಳಲ್ಲಿ ಈ ನುಸುಳುವಿಕೆಯನ್ನು ಅಳತೆಗೆ ಹೊಂದುವ ಹಾಗೆ ತಿರುಚಿ ಕೂರಿಸುತ್ತಾರೆ. ಸಿಮ್ಯುಲೇಷನ್ ನೋಡಿ ಅಳತೆ ಬೇಡ ಅನ್ನುವವರು ಆ ಸಿಮ್ಯುಲೇಷನ್ನೇ ಅಳತೆಯ ಮೇಲೆ ನಿಂತಿದೆ ಅನ್ನೋದನ್ನು ಮರೆತಿರುತ್ತಾರೆ.

ಈಗ ಉಪಕರಣಗಳಿಗೆ ಬರೋಣ. ಥ್ರಸ್ಟರ್‌ನಿಂದ ದೂರ, ಅಂದರೆ ಹೊರಬರುವ ಕಿರಣದಲ್ಲಿ ಇಡುವ ಪ್ರೋಬ್‌ಗಳು ಮೊದಲು.

ಎಲ್ಲಕ್ಕಿಂತ ಸರಳವಾದದ್ದು ಫ್ಯಾರಡೆ ಪ್ರೋಬ್. ಒಂದು ಲೋಹದ ಬಿಲ್ಲೆ, ಸುತ್ತ ಒಂದು ಗಾರ್ಡ್ ರಿಂಗ್, ಎರಡಕ್ಕೂ ಇಪ್ಪತ್ತು ಮೂವತ್ತು ವೋಲ್ಟ್ ನೆಗೆಟಿವ್. ಎಲೆಕ್ಟ್ರಾನ್ ಹತ್ತಿರ ಬರೋದಿಲ್ಲ, ಅಯಾನು ಬಂದು ಬೀಳುತ್ತದೆ, ಕರೆಂಟ್ ಓದಿಕೊಳ್ಳುತ್ತೀರಿ. ಥ್ರಸ್ಟರ್ ಅನ್ನು ಕೇಂದ್ರ ಮಾಡಿಕೊಂಡು ಒಂದು ಮೀಟರ್ ದೂರದಲ್ಲಿ ಅರ್ಧ ವೃತ್ತ ಸುತ್ತಿಸಿದರೆ ಯಾವ ಕೋನಕ್ಕೆ ಎಷ್ಟು ಅಯಾನು ಹೋಗುತ್ತಿದೆ ಅಂತ ಸಿಗುತ್ತದೆ. ಕಿರಣ ಎಷ್ಟು ಅಗಲವಾಗಿ ಹರಡುತ್ತಿದೆ ಅನ್ನೋದು ಇದರಿಂದಲೇ. ಪಕ್ಕಕ್ಕೆ ಹೋದ ಅಯಾನು ಎಷ್ಟೇ ವೇಗವಾಗಿದ್ದರೂ ಉಪಗ್ರಹವನ್ನು ಮುಂದಕ್ಕೆ ತಳ್ಳೋದಿಲ್ಲವಲ್ಲ. ಇದರಲ್ಲೇ ಇನ್ನೊಂದು ಲಾಭವಿದೆ: ಎಲ್ಲ ಕೋನದ ಕರೆಂಟ್ ಕೂಡಿಸಿದರೆ ಒಟ್ಟು ಅಯಾನು ಕರೆಂಟ್ ಸಿಗುತ್ತದೆ. ಎಸ್‌ಪಿಟಿ-100ರಲ್ಲಿ ಪವರ್ ಸಪ್ಲೈ 4.5 ಆಂಪಿಯರ್ ಕೊಡುತ್ತದೆ, ಅದರಲ್ಲಿ ಅಯಾನಿನ ಪಾಲು ಹೆಚ್ಚುಕಮ್ಮಿ ಮುಕ್ಕಾಲು. ಮಿಕ್ಕ ಕಾಲು ಭಾಗ ಸುಮ್ನೆ ಆನೋಡ್‌ಗೆ ಓಡುವ ಎಲೆಕ್ಟ್ರಾನ್‌ಗಳದ್ದು. ಅದು ವೇಗವನ್ನು ಕಮ್ಮಿ ಮಾಡೋದಿಲ್ಲ, ವಿದ್ಯುತ್ತನ್ನು ತಿನ್ನುತ್ತದೆ ಅಷ್ಟೇ. 1350 ವ್ಯಾಟ್‌ನಲ್ಲಿ ಕೆಲಸಕ್ಕೆ ಬರೋದು ಸುಮಾರು ಅರ್ಧ ಮಾತ್ರ ಅನ್ನೋದಕ್ಕೆ ಇದೂ ಒಂದು ಕಾರಣ.

ಫ್ಯಾರಡೆ ಪ್ರೋಬ್ ಎಣಿಸುತ್ತದೆ, ಶಕ್ತಿ ಹೇಳೋದಿಲ್ಲ. ಅದಕ್ಕೆ ಆರ್‌ಪಿಎ ಬೇಕು, ಪೂರ್ತಿ ಹೆಸರು ರಿಟಾರ್ಡಿಂಗ್ ಪೊಟೆನ್ಷಿಯಲ್ ಅನಲೈಸರ್. ಕಲೆಕ್ಟರ್ ಮುಂದೆ ಮೂರೋ ನಾಲ್ಕೋ ಜಾಲರಿ ಇರುತ್ತವೆ. ಮೊದಲನೆಯದು ಪ್ಲಾಸ್ಮಾವನ್ನು ಹೊರಗೇ ತಡೆಯುತ್ತದೆ. ಎರಡನೆಯದು ನೆಗೆಟಿವ್, ಎಲೆಕ್ಟ್ರಾನ್‌ಗಳನ್ನು ವಾಪಸ್ ಕಳಿಸುತ್ತದೆ. ಮೂರನೆಯದರ ಮೇಲೆ ಪಾಸಿಟಿವ್ ವೋಲ್ಟೇಜನ್ನು ಸೊನ್ನೆಯಿಂದ ನಾನೂರೋ ಐನೂರೋ ತನಕ ಏರಿಸುತ್ತಾ ಹೋಗುತ್ತೀರಿ. ಅಷ್ಟು ಶಕ್ತಿ ಇಲ್ಲದ ಅಯಾನು ದಾಟೋದಿಲ್ಲ. ಕರೆಂಟ್ ಎಲ್ಲಿ ದಡಕ್ಕನೆ ಇಳಿಯಿತೋ ಅಲ್ಲಿ ಹೆಚ್ಚಿನ ಅಯಾನುಗಳಿವೆ. ಆ ಗೆರೆಯ ಇಳಿಜಾರು ತೆಗೆದರೆ ಶಕ್ತಿಯ ಹರವು ಬಂತು. 300 ವೋಲ್ಟ್ ಥ್ರಸ್ಟರ್‌ನಲ್ಲಿ ಶಿಖರ 300ರಲ್ಲಿ ಇರೋದಿಲ್ಲ, ಕೆಳಗೇ ಎಲ್ಲೋ 260, 270ರ ಸುತ್ತಮುತ್ತ ಇರುತ್ತದೆ. ಕ್ಯಾಥೋಡ್‌ನಿಂದ ಎಲೆಕ್ಟ್ರಾನ್ ಹೊರಗೆ ಎಳೆಯೋಕೇ ಒಂದಿಷ್ಟು ವೋಲ್ಟ್ ಖರ್ಚಾಗುತ್ತದೆ, ಹುಟ್ಟುವ ಜಾಗದ ಕಥೆ ಆಗಲೇ ಹೇಳಿದೆ. ಮತ್ತೆ ಓದಿದ ಸಂಖ್ಯೆಯಿಂದ ಪ್ರೋಬ್ ಇರುವ ಜಾಗದ ಪ್ಲಾಸ್ಮಾ ಪೊಟೆನ್ಷಿಯಲ್, ಅಂದರೆ ಅಲ್ಲಿಯ ಪ್ಲಾಸ್ಮಾದ್ದೇ ವೋಲ್ಟೇಜ್, ಕಳೆಯಬೇಕು, ಅದೇ ಹತ್ತಿಪ್ಪತ್ತು ವೋಲ್ಟ್ ಇರಬಹುದು. ಇದನ್ನು ಅಳೆಯದೆ ಶಿಖರದ ಸಂಖ್ಯೆಯನ್ನೇ ಅಯಾನಿನ ಶಕ್ತಿ ಅಂತ ಬರೆದುಬಿಡುವ ರಿಪೋರ್ಟ್‌ಗಳನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅದನ್ನು ಅಳೆಯುವ ಒಂದು ಲ್ಯಾಂಗ್‌ಮ್ಯೂರ್ ಪ್ರೋಬ್ ಪಕ್ಕದಲ್ಲಿ ಇಡೋಕೆ ಏನು ಕಷ್ಟ?

ಆರ್‌ಪಿಎಗೆ ಒಂದು ಕುರುಡು ಇದೆ. ಅದು ಅಳೆಯೋದು ಶಕ್ತಿಯನ್ನಲ್ಲ, ಚಾರ್ಜ್ ಒಂದಕ್ಕೆ ಎಷ್ಟು ಶಕ್ತಿ ಅನ್ನೋದನ್ನು. ಕ್ಸೆನಾನ್‌ನಿಂದ ಎರಡು ಎಲೆಕ್ಟ್ರಾನ್ ಕಿತ್ತುಹೋಗಿದ್ದರೆ ಅದಕ್ಕೆ ಎರಡರಷ್ಟು ಶಕ್ತಿ ಸಿಕ್ಕಿರುತ್ತದೆ, ತಡೆಯುವ ಜಾಲರಿಯೂ ಅದನ್ನು ಎರಡರಷ್ಟು ಬಲದಿಂದ ತಡೆಯುತ್ತದೆ. ಕೊನೆಗೆ ಎರಡೂ ಒಂದೇ ವೋಲ್ಟ್‌ನಲ್ಲಿ ಕಾಣುತ್ತವೆ. ಇವನ್ನು ಬೇರೆ ಮಾಡೋಕೆ ಇ ಕ್ರಾಸ್ ಬಿ ಪ್ರೋಬ್ ಇದೆ. ಅಡ್ಡಡ್ಡ ಒಂದು ವಿದ್ಯುತ್ ಕ್ಷೇತ್ರ, ಒಂದು ಕಾಂತಕ್ಷೇತ್ರ. ಒಂದು ನಿರ್ದಿಷ್ಟ ವೇಗದ ಅಯಾನು ಮಾತ್ರ ನೇರ ಹೋಗಿ ಸಣ್ಣ ತೂತು ದಾಟುತ್ತದೆ, ಮಿಕ್ಕವು ಗೋಡೆಗೆ. ಎರಡು ಚಾರ್ಜ್ ಇರುವ ಅಯಾನಿನ ವೇಗ ವರ್ಗಮೂಲ ಎರಡರಷ್ಟು, ಅಂದರೆ 1.41 ಪಟ್ಟು, ಮೂರಕ್ಕೆ 1.73 ಪಟ್ಟು. ಹಾಗಾಗಿ ಶಿಖರಗಳು ಬೇರೆ ಬೇರೆ ನಿಲ್ಲುತ್ತವೆ. ಎರಡು ಚಾರ್ಜ್‌ನವು ಕಮ್ಮಿ ಇದ್ದರೂ ಅವುಗಳ ಮೇಲೆ ಕಣ್ಣಿಡಬೇಕು, ಗೋಡೆಗೆ ಬಿದ್ದರೆ ಜಾಸ್ತಿ ಕೆರೆಯೋದು ಅವೇ.

ಈಗ ಕೈಲೆಕ್ಕ ಹಾಕೋಣ, ಅಂದಾಜು ಸಂಖ್ಯೆಗಳಲ್ಲಿ. 21ರಿಂದ ಶುರು ಮಾಡಿ. 300ರ ಬದಲು 270 ವೋಲ್ಟ್ ಮಾತ್ರ ಸಿಕ್ಕಿತು, ವೇಗ 20ಕ್ಕೆ ಇಳಿಯಿತು. ಕಿರಣ ಇಪ್ಪತ್ತು ಡಿಗ್ರಿಯಷ್ಟು ಹರಡಿತು, 18.7. ಒಳಗೆ ಬಿಟ್ಟ ಕ್ಸೆನಾನ್‌ನಲ್ಲಿ ಹತ್ತರಲ್ಲೊಂದು ಭಾಗ ಅಯಾನು ಆಗದೆ ಹಾಗೇ ಸೋರಿಹೋಯಿತು, ಅದರ ವೇಗ ಲೆಕ್ಕಕ್ಕಿಲ್ಲ, ಸರಾಸರಿ 16.8. ಕ್ಯಾಥೋಡ್‌ಗೂ ಸ್ವಲ್ಪ ಅನಿಲ ಬೇಕು, ಅದರಿಂದ ತಳ್ಳುಬಲ ಬರೋದಿಲ್ಲ, ಅದಕ್ಕೆ ಏಳು ಪರ್ಸೆಂಟ್ ಇಟ್ಟರೆ 15.6. ಎರಡು ಚಾರ್ಜ್‌ನ ಅಯಾನುಗಳು ಇದಕ್ಕೆ ಚೂರು ವಾಪಸ್ ಸೇರಿಸುತ್ತವೆ. ನಾವು ಹುಡುಕುತ್ತಿದ್ದ 15.7 ಸಿಕ್ಕಿತು ನೋಡಿ. ಒಂದೊಂದು ಮೆಟ್ಟಿಲಿಗೂ ಒಂದು ಉಪಕರಣ ಅಂದದ್ದು ಇದಕ್ಕೇ.

ಹಾಗಿದ್ದರೆ ದೂರದ ಪ್ರೋಬ್‌ಗಳೇ ಸಾಕಲ್ಲ, ಲೇಸರ್ ಯಾಕೆ? ಈ ಲೆಕ್ಕ "ಎಷ್ಟು" ಹೋಯಿತು ಅಂತ ಹೇಳುತ್ತದೆ. "ಎಲ್ಲಿ" ಹೋಯಿತು ಅಂತ ಹೇಳೋದಿಲ್ಲ. ಒಂದು ಮೀಟರ್ ದೂರದಲ್ಲಿ ನಿಂತ ಪ್ರೋಬ್‌ಗೆ ಆ ಅಯಾನು ಚಾನೆಲ್‌ನ ಯಾವ ಮಿಲಿಮೀಟರ್‌ನಲ್ಲಿ ವೇಗ ಪಡೆಯಿತು, ಗೋಡೆ ಕಡೆಗೆ ಎಷ್ಟು ವಾಲಿತ್ತು ಅಂತ ಗೊತ್ತಾಗೋದಿಲ್ಲ. ಥ್ರಸ್ಟರ್ ಎಷ್ಟು ದಿನ ಬಾಳುತ್ತದೆ ಅನ್ನೋದು ನಿಂತಿರುವುದು ಆ "ಎಲ್ಲಿ" ಮೇಲೆ. ಅಯಾನು ಬಾಯಿಯ ಹತ್ತಿರದ ಗೋಡೆಯನ್ನು ಕೆರೆಯುತ್ತಾ ಹೋಗುತ್ತದೆ, ಗೋಡೆ ಸವೆದು ಹಿಂದಿನ ಮ್ಯಾಗ್ನೆಟ್‌ಗೆ ಅಯಾನು ತಾಗೋಕೆ ಶುರುವಾದರೆ ಥ್ರಸ್ಟರ್ ಕಥೆ ಮುಗಿಯುತ್ತಾ ಬಂತು ಅಂತ. ಇಸ್ರೋ 2025ರ ಮಾರ್ಚ್‌ನಲ್ಲಿ 300 ಮಿಲಿನ್ಯೂಟನ್ ಥ್ರಸ್ಟರ್‌ನ 1000 ಗಂಟೆಗಳ ಪರೀಕ್ಷೆ ಮುಗಿಸಿತಲ್ಲ, 5.4 ಕಿಲೋವ್ಯಾಟ್ ಪೂರ್ತಿ ಪವರ್‌ನಲ್ಲಿ ನಡೆದದ್ದು, ಅದರಲ್ಲೂ ಒಳಗಿನ ಪದರ ಎಷ್ಟು ಸವೆಯುತ್ತಿದೆ ಅಂತ ಆಗಾಗ ನೋಡುತ್ತಲೇ ಇದ್ದರು. ತಳ್ಳುಬಲ ಮೊದಲ ದಿನವೇ ಗೊತ್ತಾಗುತ್ತದೆ, ಸಾವಿರ ಗಂಟೆ ಓಡಿಸುವುದು ಸವೆತ ನೋಡೋಕೆ.

ಕರಗೋದರ ಬಗ್ಗೆ ಕೇಳಿದ್ದೀರಿ. ದೂರದಲ್ಲಿ ಇಟ್ಟ ಪ್ರೋಬ್ ಕರಗೋದಿಲ್ಲ. ಟಂಗ್‌ಸ್ಟನ್, ಮಾಲಿಬ್ಡಿನಮ್, ಗ್ರಾಫೈಟ್ ಬಳಸಿದರೆ ಆರಾಮಾಗಿ ತಡೆಯುತ್ತವೆ, ನಿಧಾನಕ್ಕೆ ಸವೆಯುತ್ತವೆ ಅಷ್ಟೇ. ಚಾನೆಲ್ ಒಳಗೆ ಇಟ್ಟರೆ ಖಂಡಿತ ಕರಗುತ್ತದೆ. ಅದಕ್ಕೆ ವೇಗವಾಗಿ ಚಲಿಸುವ ಕೈಯೊಂದನ್ನು ಕಟ್ಟಿ, ಪ್ರೋಬನ್ನು ಒಳಗೆ ತೂರಿಸಿ, ಸೆಕೆಂಡಿನ ಸಣ್ಣ ಭಾಗದಲ್ಲಿ ಹೊರಗೆ ಎಳೆದುಬಿಡುತ್ತಾರೆ. ಪ್ರೋಬ್ ಉಳಿಯುತ್ತದೆ, ಆದರೆ ಅಳತೆ ಕೆಡುತ್ತದೆ. ಪ್ರೋಬ್ ಒಳಗೆ ಹೋದ ಕ್ಷಣಕ್ಕೆ ಡಿಸ್ಚಾರ್ಜ್ ಕರೆಂಟ್, ಅಂದರೆ ಥ್ರಸ್ಟರ್‌ನಲ್ಲಿ ಹರಿಯುವ ಕರೆಂಟ್, ಏರುಪೇರಾಗುವುದು ಆಸಿಲೋಸ್ಕೋಪ್‌ನಲ್ಲೇ ಕಾಣುತ್ತದೆ. ಪ್ರೋಬ್‌ನ ಸೆರಾಮಿಕ್ ಕೊಳವೆ ಎಲೆಕ್ಟ್ರಾನ್ ಉಗುಳುತ್ತದೆ, ಪ್ಲಾಸ್ಮಾ ತಣ್ಣಗಾಗುತ್ತದೆ, ವೇಗ ಪಡೆಯುವ ಜಾಗವೇ ಆಚೀಚೆ ಸರಿಯುತ್ತದೆ. ಯಾವುದನ್ನು ಅಳೆಯೋಕೆ ಹೋದಿರೋ ಅದೇ ಜಾಗ ಬಿಟ್ಟಿತು.

ಲೇಸರ್ ಬೇಕಾಗೋದು ಇಲ್ಲಿ. ಲೇಸರ್ ಇಂಡ್ಯೂಸ್ಡ್ ಫ್ಲೋರೆಸೆನ್ಸ್, ನಾವು ಎಲ್‌ಐಎಫ್ ಅನ್ನುತ್ತೇವೆ. ಕ್ಸೆನಾನ್ ಅಯಾನಿಗೆ 834.7 ನ್ಯಾನೋಮೀಟರ್ ತರಂಗದೂರದ ಬೆಳಕು ಹೊಡೆದರೆ ಅದನ್ನು ಹೀರಿಕೊಂಡು ಮೇಲಿನ ಮಟ್ಟಕ್ಕೆ ಹೋಗುತ್ತದೆ, ಅಲ್ಲಿಂದ ಇಳಿಯುವಾಗ 541.9 ನ್ಯಾನೋಮೀಟರ್‌ನ ಹಸಿರು ಬೆಳಕು ಬಿಡುತ್ತದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಹಾಕಿ ಹಸಿರು ಎಣಿಸೋದು. ಹಾಕಿದ ಬಣ್ಣ ಬೇರೆ, ಬರುವ ಬಣ್ಣ ಬೇರೆ ಆಗಿರೋದರಿಂದ ಚದುರಿದ ಲೇಸರ್ ಬೆಳಕು ಕಾಟ ಕೊಡೋದಿಲ್ಲ. ಈ ಸಾಲಿಗೆ ಬೇಕಾದದ್ದು ಒಂದು ಡಯೋಡ್ ಲೇಸರ್, ಅದೂ ದೊಡ್ಡ ಪವರ್‌ನದೇನಲ್ಲ. ಎಲ್ಲರೂ ಈ ಸಾಲನ್ನೇ ಹಿಡಿದಿರೋದಕ್ಕೆ ಅದೂ ಒಂದು ಕಾರಣ.

ವೇಗ ಹೇಗೆ ಸಿಗುತ್ತದೆ? ಡಾಪ್ಲರ್ ಪರಿಣಾಮದಿಂದ. ಥ್ರಸ್ಟರ್ ಬಾಯಿಗೆ ಎದುರಾಗಿ ಲೇಸರ್ ಹಾಕಿದರೆ ಅಯಾನು ಲೇಸರ್ ಕಡೆಗೇ ಬರುತ್ತಿರುತ್ತದೆ. ಅದಕ್ಕೆ ಬೆಳಕಿನ ತರಂಗದೂರ ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ ನೀವು ಲೇಸರ್ ಅನ್ನು ಚೂರು ಉದ್ದದ ತರಂಗದೂರಕ್ಕೆ ತಿರುಗಿಸಿದಾಗ ಮಾತ್ರ ಅದು ಹೀರಿಕೊಳ್ಳುತ್ತದೆ. ಎಷ್ಟು ತಿರುಗಿಸಬೇಕು? ಸೆಕೆಂಡಿಗೆ 20 ಕಿಲೋಮೀಟರ್ ವೇಗಕ್ಕೆ 0.056 ನ್ಯಾನೋಮೀಟರ್, ಆವರ್ತನದಲ್ಲಿ ಹೇಳಿದರೆ ಸುಮಾರು 24 ಗಿಗಾಹರ್ಟ್ಸ್. ಲೇಸರ್ ಅನ್ನು ನಿಧಾನಕ್ಕೆ ಸರಿಸುತ್ತಾ ಪ್ರತಿ ತರಂಗದೂರಕ್ಕೂ ಎಷ್ಟು ಹಸಿರು ಬಂತು ಅಂತ ಗುರುತು ಹಾಕಿಕೊಂಡರೆ ಆ ಗೆರೆಯೇ ವೇಗದ ಹರವು. ತರಂಗದೂರ ಅಳೆಯುವ ಮೀಟರ್ 100 ಮೆಗಾಹರ್ಟ್ಸ್ ತಪ್ಪಿದರೆ ವೇಗದಲ್ಲಿ ಬರುವ ತಪ್ಪು ಸೆಕೆಂಡಿಗೆ 83 ಮೀಟರ್ ಅಷ್ಟೇ. ಇಪ್ಪತ್ತು ಸಾವಿರ ಮೀಟರ್‌ನಲ್ಲಿ ಎಂಬತ್ತು ಮೀಟರ್, ಯಾವ ಆರ್‌ಪಿಎ ಕೊಡುತ್ತದೆ ಹೇಳಿ? ಅದೂ ಏನನ್ನೂ ಮುಟ್ಟದೆ.

ಜಾಗವೂ ನಿಖರವಾಗಿ ಸಿಗುತ್ತದೆ. ಲೇಸರ್ ಒಂದು ಕಡೆಯಿಂದ, ಹಸಿರು ಬೆಳಕು ನೋಡುವ ಲೆನ್ಸ್ ಇನ್ನೊಂದು ಕಡೆಯಿಂದ. ಎರಡೂ ಸೇರುವ ಒಂದು ಮಿಲಿಮೀಟರ್ ಜಾಗದ ಅಯಾನು ಮಾತ್ರ ಲೆಕ್ಕಕ್ಕೆ. ಥ್ರಸ್ಟರ್ ಅನ್ನು ಅಕ್ಷದ ಮೇಲೆ ಮಿಲಿಮೀಟರ್ ಮಿಲಿಮೀಟರ್ ಸರಿಸುತ್ತಾ ಹೋದರೆ ಆನೋಡ್ ಕಡೆ ಹೆಚ್ಚುಕಮ್ಮಿ ನಿಂತೇ ಇರುವ ಅಯಾನು ಬಾಯಿಯ ಹತ್ತಿರ ಏಕಾಏಕಿ ಓಟ ಕೀಳೋದು ಕಾಣುತ್ತದೆ. ಹುಟ್ಟೋದು ಓಡೋದು ಎರಡೂ ನಡೆಯುವ ಜಾಗದಲ್ಲಿ ಹರವು ಅಗಲವಾಗುತ್ತದೆ, ನಿಧಾನದ್ದೂ ವೇಗದ್ದೂ ಒಟ್ಟಿಗೇ ಕಾಣುತ್ತವೆ. ಆ ಗೆರೆಯಿಂದಲೇ ಅಲ್ಲಿಯ ವಿದ್ಯುತ್ ಕ್ಷೇತ್ರವನ್ನೂ ಲೆಕ್ಕ ಹಾಕಬಹುದು.

ಕೇಳೋಕೆ ಚೆನ್ನಾಗಿದೆ, ಮಾಡೋಕೆ ತಾಳ್ಮೆ ಬೇಕು. ಪ್ಲಾಸ್ಮಾ ತಾನೇ ಅದೇ ಹಸಿರು ಬೆಳಕನ್ನು ಧಾರಾಳವಾಗಿ ಸುರಿಸುತ್ತಿರುತ್ತದೆ, ನಿಮ್ಮ ಸಿಗ್ನಲ್ ಅದರಲ್ಲಿ ಮುಳುಗಿಹೋಗಿರುತ್ತದೆ. ಅದಕ್ಕೆ ಲೇಸರ್ ಅನ್ನು ಸೆಕೆಂಡಿಗೆ ಒಂದೆರಡು ಸಾವಿರ ಸಲ ಕತ್ತರಿಸಿ ಕತ್ತರಿಸಿ ಕಳಿಸಿ, ಅದೇ ತಾಳಕ್ಕೆ ಏರಿಳಿಯುವ ಭಾಗವನ್ನು ಮಾತ್ರ ಲಾಕ್-ಇನ್ ಆಂಪ್ಲಿಫೈಯರ್‌ನಿಂದ ಹೆಕ್ಕಬೇಕು. ಡಯೋಡ್ ಲೇಸರ್ ಮಧ್ಯದಲ್ಲಿ ಒಂದು ಸಲ ಮೋಡ್ ಹಾರಿತು, ತರಂಗದೂರ ತಟ್ಟನೆ ಬೇರೆಡೆ ಜಿಗಿಯಿತು ಅಂದರೆ ಆ ಸ್ಕ್ಯಾನ್ ಕಸದ ಬುಟ್ಟಿಗೆ. ಮಧ್ಯಾಹ್ನ ಕರೆಂಟ್ ಹೋಗಿ ಕ್ರಯೋಪಂಪ್ (ಅನಿಲವನ್ನು ಹೆಪ್ಪುಗಟ್ಟಿಸಿ ವ್ಯಾಕ್ಯೂಮ್ ಕಾಯುವ ಪಂಪ್) ಬಿಸಿಯಾದರೆ ಆ ದಿನವೇ ಕಸದ ಬುಟ್ಟಿಗೆ. ಕ್ಸೆನಾನ್‌ಗೆ ಪ್ರಕೃತಿಯಲ್ಲಿ ಒಂಬತ್ತು ಐಸೋಟೋಪ್‌ಗಳಿವೆ, ಒಂದೊಂದರ ಸಾಲೂ ಚೂರು ಚೂರು ಸರಿದಿರುತ್ತದೆ, ಕಾಂತಕ್ಷೇತ್ರ ಅದನ್ನು ಇನ್ನಷ್ಟು ಸೀಳುತ್ತದೆ. ಅದನ್ನೆಲ್ಲ ಬಿಡಿಸಿದ ಮೇಲೆ ಉಳಿದದ್ದು ನಿಜವಾದ ವೇಗದ ಹರವು.

ಎಲ್‌ಐಎಫ್ ಒಂದೇ ಸತ್ಯ, ಮಿಕ್ಕದ್ದೆಲ್ಲ ಸುಳ್ಳು ಅನ್ನುವವರೂ ಇದ್ದಾರೆ. ಅವರ ಜೊತೆ ನನ್ನ ತಕರಾರಿದೆ. ಈ ಲೇಸರ್‌ಗೆ ಕಾಣೋದು ಎಲ್ಲ ಅಯಾನುಗಳಲ್ಲ, ಒಂದು ನಿರ್ದಿಷ್ಟ ಮೆಟಾಸ್ಟೇಬಲ್ ಮಟ್ಟದಲ್ಲಿ, ಅಂದರೆ ಬೇಗ ಕೆಳಗಿಳಿಯದೆ ನಿಲ್ಲುವ ಶಕ್ತಿಮಟ್ಟದಲ್ಲಿ, ಕೂತಿರುವವು ಮಾತ್ರ. ಅವು ಮಿಕ್ಕವುಗಳ ಹಾಗೇ ಓಡುತ್ತವೆ ಅಂತ ನಾವು ಒಪ್ಪಿಕೊಂಡು ಮುಂದೆ ಹೋಗುತ್ತೇವೆ. ಎರಡು ಚಾರ್ಜ್‌ನ ಅಯಾನು ಈ ಬಣ್ಣಕ್ಕೆ ಕಾಣೋದೇ ಇಲ್ಲ. ಒಟ್ಟು ಎಷ್ಟು ಅಯಾನು ಇವೆ ಅನ್ನೋದಕ್ಕೂ ನೇರ ಉತ್ತರ ಸಿಗೋದಿಲ್ಲ. ಎಣಿಕೆಗೆ ಫ್ಯಾರಡೆ ಪ್ರೋಬ್ ಬೇಕೇ ಬೇಕು.

ಇನ್ನೊಂದು ತೊಡಕು ಸಮಯದ್ದು. ಹಾಲ್ ಥ್ರಸ್ಟರ್ ಒಂದೇ ಸಮನೆ ಉರಿಯುತ್ತಿರುವ ಹಾಗೆ ಕಾಣುತ್ತದೆ, ಆದರೆ ಡಿಸ್ಚಾರ್ಜ್ ಕರೆಂಟ್ ಸೆಕೆಂಡಿಗೆ ಹತ್ತು ಸಾವಿರದಿಂದ ಮೂವತ್ತು ಸಾವಿರ ಸಲ ಏರಿ ಇಳಿಯುತ್ತಿರುತ್ತದೆ. ಬ್ರೀದಿಂಗ್ ಮೋಡ್ ಅನ್ನುತ್ತಾರೆ. ಒಳಗಿನ ಕ್ಸೆನಾನ್ ಎಲ್ಲ ಅಯಾನಾಗಿ ಖಾಲಿಯಾಗುತ್ತದೆ, ಹೊಸದು ಬರಬೇಕು. ಅಯಾನಾಗದ ಕ್ಸೆನಾನ್ ಸೆಕೆಂಡಿಗೆ ಇನ್ನೂರು ಮುನ್ನೂರು ಮೀಟರ್ ವೇಗದಲ್ಲಿ ನಿಧಾನಕ್ಕೆ ಬರುತ್ತದೆ, ಎರಡೂವರೆ ಸೆಂಟಿಮೀಟರ್ ಚಾನೆಲ್ ತುಂಬೋಕೆ ನೂರು ಮೈಕ್ರೋಸೆಕೆಂಡ್ ಬೇಕು. ಹತ್ತು ಕಿಲೋಹರ್ಟ್ಸ್ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ವಾ? ಅಯಾನು ಮಾತ್ರ ಆ ಒಂದು ಸೆಂಟಿಮೀಟರ್ ಇಳಿಜಾರನ್ನು ಒಂದು ಮೈಕ್ರೋಸೆಕೆಂಡ್‌ನಲ್ಲಿ ದಾಟಿಬಿಡುತ್ತದೆ. ಅಂದರೆ ಒಂದೊಂದು ಅಯಾನು ನೋಡುವ ಇಳಿಜಾರು ಬೇರೆ ಬೇರೆ ಕ್ಷಣದ್ದು. ನಿಮಿಷಗಟ್ಟಲೆ ಸರಾಸರಿ ತೆಗೆದ ಎಲ್‌ಐಎಫ್ ಗೆರೆ ಅಗಲವಾಗಿ ಕಂಡರೆ ಅದು ಹುಟ್ಟಿದ ಜಾಗಗಳ ವ್ಯತ್ಯಾಸವೋ, ಇಳಿಜಾರೇ ಕುಣಿಯುತ್ತಿದೆಯೋ ಹೇಳೋಕೆ ಬರೋದಿಲ್ಲ. ಕರೆಂಟ್‌ನ ಏರಿಳಿತಕ್ಕೆ ಸರಿಯಾಗಿ ಜೋಡಿಸಿ, ಒಂದೊಂದು ಹಂತಕ್ಕೂ ಬೇರೆ ಬೇರೆ ಗೆರೆ ತೆಗೆಯುವ ವಿಧಾನ ಈಗ ಇದೆ. ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ನಿಜವಾಗಿ ಹೊಸದಾಗಿ ಕಲಿಯುತ್ತಿರುವುದು ಅಲ್ಲೇ.

ಕೊನೆಯ ಸೋರಿಕೆ ಥ್ರಸ್ಟರ್‌ನದಲ್ಲ, ನಮ್ಮ ವ್ಯಾಕ್ಯೂಮ್ ಚೇಂಬರ್‌ನದು. ಸೆಕೆಂಡಿಗೆ 5 ಮಿಲಿಗ್ರಾಂ ಕ್ಸೆನಾನ್ ಬಿಡುತ್ತಿದ್ದರೆ, ಒತ್ತಡವನ್ನು ಒಂದು ಟಾರ್‌ನ ಲಕ್ಷದಲ್ಲೊಂದು ಭಾಗಕ್ಕೆ ಇಟ್ಟುಕೊಳ್ಳೋಕೆ ಸೆಕೆಂಡಿಗೆ ಸುಮಾರು 70 ಸಾವಿರ ಲೀಟರ್ ಎಳೆಯುವ ಪಂಪ್ ಬೇಕು. ಸಾಮಾನ್ಯ ಟರ್ಬೊ ಪಂಪ್ ಕೊಡೋದು ಕೆಲವು ನೂರು, ಹೆಚ್ಚೆಂದರೆ ಒಂದೆರಡು ಸಾವಿರ ಲೀಟರ್. ಅದಕ್ಕೇ 50 ಕೆಲ್ವಿನ್‌ಗಿಂತ ತಣ್ಣಗಿನ ಹಲಗೆಗಳನ್ನು ಚೇಂಬರ್ ತುಂಬಾ ಜೋಡಿಸಿ ಕ್ಸೆನಾನ್ ಅದರ ಮೇಲೆ ಹೆಪ್ಪುಗಟ್ಟುವ ಹಾಗೆ ಮಾಡೋದು. ಇಷ್ಟೆಲ್ಲ ಮಾಡಿದ ಮೇಲೂ ಒಂದು ಘನ ಸೆಂಟಿಮೀಟರ್‌ನಲ್ಲಿ ಮೂವತ್ತು ಸಾವಿರ ಕೋಟಿ ಪರಮಾಣು ಉಳಿದಿರುತ್ತವೆ. ಭೂಸ್ಥಿರ ಕಕ್ಷೆಯಲ್ಲಿ ಅದರ ಲೆಕ್ಕವೇ ಬೇರೆ.

ಇದರಿಂದ ಏನಾಗುತ್ತದೆ? ವೇಗದ ಅಯಾನು ದಾರಿಯಲ್ಲಿ ನಿಂತಿರುವ ಕ್ಸೆನಾನ್ ಹತ್ತಿರ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಈಗ ವೇಗದ್ದು ಅಯಾನಲ್ಲ, ಯಾವ ಪ್ರೋಬ್‌ಗೂ ಕಾಣೋದಿಲ್ಲ. ನಿಂತದ್ದು ಅಯಾನಾಯಿತು, ನಿಧಾನವಾಗಿ ಪಕ್ಕಕ್ಕೆ ಹೋಗಿ ಫ್ಯಾರಡೆ ಪ್ರೋಬ್‌ನಲ್ಲಿ ಅಗಲದ ಕೋನಗಳಲ್ಲಿ ಸುಳ್ಳು ಕರೆಂಟ್ ತೋರಿಸುತ್ತದೆ. ಬಾಹ್ಯಾಕಾಶದಲ್ಲೂ ಇದು ಸ್ವಲ್ಪ ಮಟ್ಟಿಗೆ ನಡೆಯುತ್ತದೆ, ಆ ಪಕ್ಕಕ್ಕೆ ಹೋದವು ಸೋಲಾರ್ ಪ್ಯಾನೆಲ್ ಕಡೆ ಹೋಗುತ್ತವೆ ಅಂತ ಉಪಗ್ರಹ ಕಟ್ಟುವವರು ತಲೆ ಕೆಡಿಸಿಕೊಳ್ಳುತ್ತಾರೆ. ಚೇಂಬರ್‌ನಲ್ಲಿ ಅದು ಅತಿಯಾಗುತ್ತದೆ. ಜೊತೆಗೆ ಉಳಿದ ಕ್ಸೆನಾನ್ ಥ್ರಸ್ಟರ್ ಒಳಗೇ ವಾಪಸ್ ನುಗ್ಗಿ ಪುಕ್ಕಟೆ ಇಂಧನ ಆಗುತ್ತದೆ, ತಳ್ಳುಬಲ ಇರೋದಕ್ಕಿಂತ ಚೂರು ಜಾಸ್ತಿ ಕಾಣುತ್ತದೆ. ಒತ್ತಡ ಏರಿದ ಹಾಗೆಲ್ಲ ಅಯಾನು ವೇಗ ಪಡೆಯುವ ಜಾಗ ಆನೋಡ್ ಕಡೆಗೆ ಸರಿಯೋದು ಎಲ್‌ಐಎಫ್‌ನಲ್ಲೇ ಕಂಡಿದೆ. ಅಂದರೆ ನೆಲದ ಮೇಲೆ ಸವೆಯುವ ಜಾಗ ಒಂದು, ಮೇಲೆ ಸವೆಯುವ ಜಾಗ ಇನ್ನೊಂದು ಇರಬಹುದು. ಹಾಗಾಗಿ ಒಂದೇ ಒತ್ತಡದಲ್ಲಿ ಅಳೆದ ಸಂಖ್ಯೆಯನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಎರಡು ಮೂರು ಒತ್ತಡದಲ್ಲಿ ಅಳೆದು, ಸೊನ್ನೆಯ ಕಡೆಗೆ ಗೆರೆ ಎಳೆದು ತೋರಿಸಿದರೆ ಸರಿ.

ಇಷ್ಟು ತಲೆನೋವು ಯಾಕೆ ಅಂದರೆ, ಮೇಲೆ ಹೋದ ಮೇಲೆ ರಿಪೇರಿ ಇಲ್ಲ. 2010ರಲ್ಲಿ ಅಮೆರಿಕದ ಎಇಎಚ್‌ಎಫ್-1 ಉಪಗ್ರಹದ ಮುಖ್ಯ ಎಂಜಿನ್ ಕೈಕೊಟ್ಟಾಗ ಕಕ್ಷೆ ಏರಿಸುವ ಕೆಲಸದ ದೊಡ್ಡ ಪಾಲು ಹಾಲ್ ಥ್ರಸ್ಟರ್‌ಗಳ ಮೇಲೆ ಬಿತ್ತು. ತಿಂಗಳುಗಟ್ಟಲೆ ಉರಿದು 2011ರ ಅಕ್ಟೋಬರ್‌ಗೆ ಅದನ್ನು ಸರಿಯಾದ ಕಕ್ಷೆಗೆ ತಂದವು. ಅದೇ ಮಾದರಿಯ ಥ್ರಸ್ಟರ್‌ನ ಹತ್ತು ಸಾವಿರ ಗಂಟೆಯ ನೆಲದ ಪರೀಕ್ಷೆಯಲ್ಲಿ ಒಂದು ಹಂತದ ನಂತರ ಗೋಡೆಯ ಸವೆತ ಹೆಚ್ಚುಕಮ್ಮಿ ನಿಂತೇಹೋಗಿದ್ದು ಕಂಡಿತ್ತು. ಅದರ ಕಾರಣ ಹುಡುಕುತ್ತಾ ಹೋದದ್ದರಿಂದಲೇ ಕಾಂತಕ್ಷೇತ್ರದ ಗೆರೆಗಳು ಗೋಡೆಯನ್ನು ಬಳಸಿ ಹೋಗುವ ಹಾಗೆ ಜೋಡಿಸುವ ವಿನ್ಯಾಸ ಬಂತು. ಗೋಡೆ ಬಚಾವಾಯಿತು, ಆಮೇಲೆ ನೋಡಿದರೆ ಮುಂದಿನ ಮ್ಯಾಗ್ನೆಟ್ ಮುಚ್ಚಳ ಸವೆಯತೊಡಗಿತ್ತು. ಆ ಅಯಾನು ಎಲ್ಲಿಂದ ಬರುತ್ತಿದೆ ಅಂತ ನೋಡೋಕೆ ಮತ್ತೆ ಲೇಸರ್.

ಈಗ ನಿಮ್ಮ ಕಾಲೇಜು. ಹಾಲ್ ಥ್ರಸ್ಟರ್ ಓಡಿಸೋದನ್ನು ಬಿಡಿ, ಮೇಲಿನ 70 ಸಾವಿರ ಲೀಟರ್ ಲೆಕ್ಕ ನೋಡಿದಿರಲ್ಲ. ಆದರೆ ಒಂದು ಸಣ್ಣ ಟರ್ಬೊ ಪಂಪ್, ಸಣ್ಣ ಆರ್ಗಾನ್ ಅಯಾನು ಮೂಲ ಇದ್ದರೆ ಆರ್‌ಪಿಎ ಕಟ್ಟಬಹುದು, ಕಟ್ಟಲೇಬೇಕು ಅನ್ನುತ್ತೇನೆ. ಆರ್ಗಾನ್ ಅಗ್ಗ, 2023ರಿಂದ ಸ್ಟಾರ್‌ಲಿಂಕ್‌ನ ಹೊಸ ಉಪಗ್ರಹಗಳೂ ಆರ್ಗಾನ್‌ನಲ್ಲೇ ಓಡುತ್ತಿವೆ, ಹಾಗಾಗಿ ಇದು ಆಟಿಕೆ ಅನಿಲ ಅಲ್ಲ. ಅದಕ್ಕೆ 300 ವೋಲ್ಟ್‌ನಲ್ಲಿ 38 ಕಿಲೋಮೀಟರ್ ವೇಗ ಬರಬೇಕು, ಬರುತ್ತದಾ ನೋಡಿ. ಸಣ್ಣ ಕಣ್ಣಿನ ಸ್ಟೀಲ್ ಜಾಲರಿ, ಟೆಫ್ಲಾನ್ ಅಥವಾ ಸೆರಾಮಿಕ್ ಉಂಗುರಗಳು, ಒಂದು ಲೋಹದ ಕೊಳವೆ. ಲೇಥ್ ಕೆಲಸ ಪೀಣ್ಯದಲ್ಲಿ ಮಾಡಿಸಿಕೊಳ್ಳಬಹುದು, ವೈರು ಕನೆಕ್ಟರ್‌ಗೆ ಎಸ್.ಪಿ. ರೋಡ್ ಇದ್ದೇ ಇದೆ.

ಕೆಡೋದು ಎಲ್ಲಿ ಅಂತ ಮೊದಲೇ ಹೇಳಿಬಿಡುತ್ತೇನೆ. ಜಾಲರಿಯ ಕಣ್ಣು ಡಿಬೈ ಉದ್ದಕ್ಕಿಂತ (ಹೊರಗಿನ ವೋಲ್ಟೇಜನ್ನು ಪ್ಲಾಸ್ಮಾ ಎಷ್ಟು ದೂರದೊಳಗೆ ಮರೆಮಾಡಿಬಿಡುತ್ತದೋ ಆ ದೂರ) ಚಿಕ್ಕದಿರಬೇಕು, ಇಲ್ಲದಿದ್ದರೆ ಪ್ಲಾಸ್ಮಾ ಹಾಗೇ ಒಳಗೆ ನುಗ್ಗಿ ನಿಮ್ಮ ವೋಲ್ಟೇಜ್‌ಗೆ ಕಿಮ್ಮತ್ತೇ ಇರೋದಿಲ್ಲ. ಘನ ಮೀಟರ್‌ಗೆ ಹತ್ತರ ಘಾತ 15ರಷ್ಟು ಸಾಂದ್ರತೆ, ಎಲೆಕ್ಟ್ರಾನ್ ಉಷ್ಣತೆ 2 ಇವಿ (ಎಲೆಕ್ಟ್ರಾನ್ ವೋಲ್ಟ್) ಇದ್ದರೆ ಡಿಬೈ ಉದ್ದ ಸುಮಾರು 0.3 ಮಿಲಿಮೀಟರ್. ಸಾಂದ್ರತೆ ಹತ್ತು ಪಟ್ಟು ಜಾಸ್ತಿಯಾದರೆ 0.1ಕ್ಕೆ ಇಳಿಯುತ್ತದೆ, ಆಗ ಜಾಲರಿ ಸಿಗೋದೇ ಕಷ್ಟ. ಹಾಗಾಗಿ ಪ್ರೋಬನ್ನು ಮೂಲದಿಂದ ದೂರ ಇಡಿ. ಮೂರೂ ಜಾಲರಿಯ ತೂತುಗಳು ಒಂದರ ಹಿಂದೆ ಒಂದು ಕೂರೋದು ಕಷ್ಟ, ಪರವಾಗಿಲ್ಲ, ಕರೆಂಟ್ ಕಮ್ಮಿ ಬರುತ್ತದೆ ಅಷ್ಟೇ. ಕಲೆಕ್ಟರ್‌ನಿಂದ ಬರುವ ವೈರ್‌ಗೆ ಶೀಲ್ಡ್ ಇರಲೇಬೇಕು, ನೀವು ಅಳೆಯುತ್ತಿರೋದು ಮೈಕ್ರೋ ಆಂಪಿಯರ್. ಮತ್ತೆ, ಸ್ವೀಪ್ ಮಾಡುವಾಗ ಜಾಲರಿಯ ಮೇಲೆ 300, 400 ವೋಲ್ಟ್ ಡಿಸಿ ಇರುತ್ತದೆ. ಸಪ್ಲೈ ಆಫ್ ಮಾಡಿದ ಮೇಲೂ ಕೆಪಾಸಿಟರ್ ಡಿಸ್ಚಾರ್ಜ್ ಆಗಿದೆಯಾ ಅಂತ ಮೀಟರ್ ಇಟ್ಟು ನೋಡದೆ ಫೀಡ್‌ಥ್ರೂಗೆ (ಚೇಂಬರ್ ಗೋಡೆಯಲ್ಲಿ ವೈರ್ ಒಳಗೆ ಹೋಗುವ ಜಾಗಕ್ಕೆ) ಕೈ ಹಾಕಬೇಡಿ.

ಮೊದಲ ಗೆರೆ ಬಂದಾಗ ಅದರಲ್ಲಿ ಶಿಖರದ ಜೊತೆಗೆ ಸೊನ್ನೆಯ ಹತ್ತಿರ ಇನ್ನೊಂದು ಗುಡ್ಡೆ ಕಾಣುತ್ತದೆ. ಅದನ್ನು ನಾಯ್ಸ್ ಅಂತ ಅಳಿಸಿಹಾಕಬೇಡಿ. ಹೆಚ್ಚಾಗಿ ಅವು ಚೇಂಬರ್‌ನಲ್ಲಿ ಎಲೆಕ್ಟ್ರಾನ್ ಕಳೆದುಕೊಂಡ ನಿಧಾನದ ಅಯಾನುಗಳೇ ಆಗಿರುತ್ತವೆ. ಅನಿಲದ ವಾಲ್ವ್ ಚೂರು ತಿರುಗಿಸಿ ಒತ್ತಡ ಏರಿಸಿ, ಆ ಗುಡ್ಡೆ ಬೆಳೆಯುತ್ತದಾ ನೋಡಿ. ಬೆಳೆದರೆ ಆ ಎರಡು ಗೆರೆಗಳನ್ನೂ ಒಂದೇ ಸ್ಲೈಡ್‌ನಲ್ಲಿ ಹಾಕಿ.